ಗೂಡು ತೂಗುವ ತಕ್ಕಡಿಯಲ್ಲಿ ಸಿಲಿಂಡರು

ಆ ಭಾನುವಾರ ಮಾಡಿದ ಕೆಲಸಗಳನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಡೈರಿಗೆ ಹಾಲು ಹಾಕಿ ಬಂದೆ. ವಾರದ ಬಟ್ಟೆ ನೆನೆಹಾಕಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ರಾಗಿಹಿಟ್ಟು ಜರಡಿ ಹಿಡಿದೆ. ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಹಿತುಕಿ ಬೇಳೆ ತೆಗೆದಿಟ್ಟೆ. ಸೋಮವಾರದ ಸೀರೆಗೆ ಇಸ್ತ್ರಿ ಹಾಕಿದೆ. ಹನ್ನೊಂದು ಗಂಟೆಗೆ ಓರಗಿತ್ತಿಯನ್ನು ಕರೆದುಕೊಂಡು, ಅಡುಗೆಮನೆ ಮೂಲೆಯಲ್ಲಿದ್ದ ಎರಡನೇ ಗ್ಯಾಸ್ ಸಿಲಿಂಡರನ್ನು ಹುಳುಮನೆಗೆ ಉರುಳಿಸಿಕೊಂಡು ಹೋಗಿ, ರೇಷ್ಮೆಗೂಡು ತೂಗುವ ತಕ್ಕಡಿಗೆ ನೇತುಹಾಕಿದೆ. ಮಧ್ಯಾಹ್ನದ ಮೇಲೆ ಸೋಲೂರಿಗೆ ಹೋಗಿ ಒಬ್ಬರ ಕ್ಷಮೆ ಕೇಳಿ ಬಂದೆ.

ಇದೆಲ್ಲದರ ಹಿಂದೆ ಇದ್ದದ್ದು ಒಂದು ಹಳೇ ಕಾರು. ಅದನ್ನು ಆರಿಸಿದವಳು ನಾನೇ.

ನಮ್ಮದು ಗುಡೇಮಾರನಹಳ್ಳಿ. ರಾಮನಗರ ಜಿಲ್ಲೆಯಾದಾಗ ಮಾಗಡಿಯಲ್ಲಿದ್ದ ನನ್ನ ಗುಮಾಸ್ತೆ ಕೆಲಸ ರಾಮನಗರಕ್ಕೆ ವರ್ಗವಾಯಿತು. ನಮ್ಮ ಮನೆಯವರಿಗೆ ಅದಕ್ಕೂ ಮೊದಲೇ ಬಿಡದಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಸಿಕ್ಕಿತ್ತು. ಆಗ ಬಿಡದಿ ಕಡೆ ದಿನಕ್ಕೊಂದು ತಗಡಿನ ಚಾವಣಿ ಏಳುತ್ತಿದ್ದ ಕಾಲ. ನಮ್ಮೂರಿನಿಂದ ಮಾಗಡಿ, ಮಾಗಡಿಯಿಂದ ರಾಮನಗರ, ಅಲ್ಲಿ ನನ್ನನ್ನು ಇಳಿಸಿ ಇವರು ಬಿಡದಿಗೆ. ಬಸ್ಸಿನಲ್ಲಾದರೆ ಬೆಳಕು ಹರಿಯುವ ಮೊದಲೇ ಹೊರಡಬೇಕು. ಮಾಗಡಿಯಲ್ಲಿ ಒಂದು ಬಸ್ಸು ತಪ್ಪಿದರೆ ಇಬ್ಬರಿಗೂ ಅರ್ಧ ದಿನ ರಜೆ. ಬೈಕಿನಲ್ಲಿ ಒಂದು ಮಳೆಗಾಲ ಕಳೆದೆವು. ಆಮೇಲೆ ಇವರ ಬೆನ್ನು ಬೇಡ ಅಂದಿತು.

ಕಾರಿನ ಮಾತು ಶುರುವಾದದ್ದು ಇವರ ಕಾರ್ಖಾನೆಯ ದೊಡ್ಡ ಅಧಿಕಾರಿಯೊಬ್ಬರ ಹೊಸ ಕಾರು ನೋಡಿ. ಪೆಟ್ರೋಲ್ ಜೊತೆಗೆ ಬ್ಯಾಟರಿಯಲ್ಲೂ ಓಡುವ ಕಾರಂತೆ. ಸಿಗ್ನಲ್‌ನಲ್ಲಿ ನಿಂತರೆ ಸದ್ದೇ ಇರುವುದಿಲ್ಲವಂತೆ. ಹೈಬ್ರಿಡ್ ಅನ್ನುತ್ತಾರಂತೆ. ಊಟಕ್ಕೆ ಕೂತಾಗ ಇವರು ಇದನ್ನೇ ಹೇಳುತ್ತಿದ್ದರು. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಹೈಬ್ರೀಡಾ? ನಮ್ಮ ಸೀಮೆಹಸಿನ ಥರವೇನ್ಲಾ?"

"ಹೂಂ ಕಣವ್ವ, ಹಂಗೇಯ. ಆದ್ರೆ ಇದು ಮೇವು ಕಮ್ಮಿ ತಿಂತದೆ."

"ಮೇವು ಕಮ್ಮಿ ತಿನ್ನೋ ಸೀಮೆಹಸ ನಾನಂತೂ ಕಂಡಿಲ್ಲ ಕಣಪ್ಪ. ನೋಡ್ಕಂಡು ತಗಳಿ."

ನೋಡಿಕೊಂಡೇ ತಗೊಂಡೆವು. ಅಂಥ ಕಾರು ಹಳೆಯದಾದರೂ ಸಿಗಬಹುದೇನೋ ಎಂದು ಒಂದು ಶನಿವಾರ ರಜೆ ಹಾಕಿ ಬೆಂಗಳೂರಿಗೆ ಹೋದೆವು. ಒಂದೇ ಒಂದು ಇತ್ತು. ಅದರ ಬಾಗಿಲು ತೆರೆದು ಮುಚ್ಚಿ, ಸೀಟಿನಲ್ಲಿ ಕೂತು, ಇಳಿದು ಬಂದೆವು. ಬೆಲೆಯ ಮಾತು ಬಿಡಿ, ಬ್ಯಾಟರಿ ಕೆಟ್ಟರೆ ರಿಪೇರಿ ಮಾಡುವವರು ರಾಮನಗರದಲ್ಲಿ ಇದ್ದಾರಾ ಎಂದು ನಾನು ಕೇಳಿದ್ದಕ್ಕೆ ಕಾರು ತೋರಿಸುತ್ತಿದ್ದ ಹುಡುಗಿ ನಕ್ಕು, "ಮೇಡಂ, ಬೆಂಗಳೂರಲ್ಲೇ ಹುಡುಕ್ಬೇಕು" ಅಂದಳು. ಕನಕಪುರದಲ್ಲಿ ಒಂದು ಡೀಸೆಲ್ ಕಾರು ನೋಡಿದೆವು. ಕಲ್ಲುಕ್ವಾರಿಯವರದು. ಸೀಟು ತಟ್ಟಿದರೆ ಬಿಳಿ ಧೂಳು ಏಳುತ್ತಿತ್ತು. ಕೀಲಿ ತಿರುಗಿಸಿದರೆ ಹಿಂದಿನ ಗೋಡೆ ಕಾಣದ ಹಾಗೆ ಹೊಗೆ. ಬೇಡ ಅಂದೆ.

ಮೂರನೆಯದು ಚನ್ನಪಟ್ಟಣದ್ದು. ಮರದ ಗೊಂಬೆಗಳ ವ್ಯಾಪಾರ ಮಾಡುವ ಹಿರಿಯರೊಬ್ಬರ ಕಾರು. ಪೆಟ್ರೋಲಿನಲ್ಲೂ ಓಡುತ್ತದೆ, ಗ್ಯಾಸಿನಲ್ಲೂ ಓಡುತ್ತದೆ. ಡಿಕ್ಕಿಯಲ್ಲಿ ಗ್ಯಾಸಿನ ಟ್ಯಾಂಕು, ಸ್ಟೀರಿಂಗಿನ ಪಕ್ಕದಲ್ಲಿ ಒಂದು ಪುಟ್ಟ ಸ್ವಿಚ್ಚು. ಪೆಟ್ರೋಲಾದರೆ ಕೆಂಪು ದೀಪ, ಗ್ಯಾಸಾದರೆ ಹಸಿರು. ಬೆಂಗಳೂರಿನದು ಕೈಗೆ ಎಟುಕದಿದ್ದರೆ ಏನಂತೆ, ನಮ್ಮ ಪಾಲಿನ ಹೈಬ್ರಿಡ್ ಇದೇ ಎಂದು ಇವರು ಅಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ನಾನು ಮಾಡಿರಲಿಲ್ಲ.

ನನಗೆ ಗ್ಯಾಸೆಂದರೆ ಭಯ. ನನ್ನ ತಂಗಿಯ ಎಡಗೈಯಲ್ಲಿ ಮೊಣಕೈವರೆಗೂ ಸುಟ್ಟ ಗಾಯದ ಕಲೆ ಇದೆ. ಅಡುಗೆಮನೆಯಲ್ಲಿ ಸೋರುತ್ತಿದ್ದ ಗ್ಯಾಸು ಗೊತ್ತಾಗದೆ ಕಡ್ಡಿ ಗೀರಿದ್ದಳು. ಅವಳು ಇವತ್ತಿಗೂ ತುಂಬುತೋಳಿನ ರವಿಕೆ ಬಿಟ್ಟು ಬೇರೆ ತೊಡುವುದಿಲ್ಲ. ಹಾಗಾಗಿ ನಾನು ಆ ಹಿರಿಯರನ್ನು ಹತ್ತು ಪ್ರಶ್ನೆ ಕೇಳಿದೆ. ಹಳೇ ಕಾರು ಮಾರುವವರು ಸುಳ್ಳು ಹೇಳುತ್ತಾರೆ ಎಂಬುದು ತಲೆಯಲ್ಲಿ ಕೂತಿತ್ತು. ಅವರೋ ಒಂದೊಂದು ಕೊರತೆಯನ್ನೂ ತಾವಾಗಿಯೇ ತೋರಿಸಿದರು. ಎಡಗಡೆಯ ಬಾಗಿಲು ಬೇರೆ ಕಾರಿನದು. ಎರಡನೇ ಗೇರು ಬೆಳಿಗ್ಗೆ ಹೊತ್ತು ಒಸಿ ಹಠ ಮಾಡುತ್ತದೆ. ಗ್ಯಾಸಿನ ಟ್ಯಾಂಕನ್ನು ಆರ್‌ಸಿ ಪುಸ್ತಕದಲ್ಲಿ ಬರೆಸಿದ್ದಾರೆ, ಇಗೋ ಮೊಹರು.

"ಅಮ್ಮಾ, ಒಂದು ಮಾತು ಕೇಳಿ. ಗ್ಯಾಸು ಬಂಕಲ್ಲಿ ಮಾತ್ರ ಹಾಕಿಸ್ಬೇಕು. ಕೆಂಗೇರಿ ಕಡೆ ಹೋಗ್ಬೇಕು, ದೂರ ಆಯ್ತದೆ, ಕ್ಯೂ ಇರ್ತದೆ. ಬೇಜಾರು ಮಾಡ್ಕೊಂಡು ಮನೆ ಸಿಲಿಂಡರಿಂದ ಪಂಪ್ ಹಚ್ಚಿ ತುಂಬ್ತಾರೆ ಜನ. ನಾನು ಒಂದು ದಿನಾನೂ ಮಾಡಿಲ್ಲ. ಮನೆಯಲ್ಲಿ ಮೊಮ್ಮಕ್ಕಳು ಅವೆ. ನೀವು ಅದು ಮಾಡೋದಾದ್ರೆ ಈ ಕಾರು ತಗೋಬೇಡಿ."

"ನಾವು ಅಂಥ ಕೆಲ್ಸ ಮಾಡೋರಲ್ಲ ಬುಡಿ ಸಾಯಬ್ರೇ," ಅಂದರು ಇವರು.

ನನಗೆ ಅಷ್ಟು ಸಾಲಲಿಲ್ಲ. ವಾಪಸ್ ಬರುವಾಗ ಮಾಗಡಿಯಲ್ಲಿ ಕಾಫಿಗೆ ನಿಂತಾಗ ಮತ್ತೆ ಕೇಳಿದೆ. ಮನೆ ಸಿಲಿಂಡರನ್ನು ಮುಟ್ಟುವುದಿಲ್ಲ ತಾನೇ? ಇವರು ಲೋಟ ಕೆಳಗಿಟ್ಟು, ನನ್ನ ತಲೆ ಮುಟ್ಟಿ, "ನಿನ್ನಾಣೆಗೂ ಮುಟ್ಟಲ್ಲ ಕಣೇ, ಸಾಕಾ?" ಅಂದರು. ಪಕ್ಕದ ಬೆಂಚಿನವರು ನಮ್ಮನ್ನು ನೋಡಿ ನಕ್ಕರು. ನನಗೂ ನಾಚಿಕೆಯಾಯಿತು. ನಮ್ಮ ಕಡೆ ಗಂಡಸರು ದೇವರ ಮೇಲೆ ಸುಲಭವಾಗಿ ಆಣೆ ಹಾಕುತ್ತಾರೆ. ಹೆಂಡತಿಯ ತಲೆ ಮುಟ್ಟಿ ಹಾಕುವುದಿಲ್ಲ. ಸರಿ ಅಂದೆ. ಮುಂದಿನ ವಾರ ಕಾರು ಮನೆಗೆ ಬಂತು. ಹಿರಿಯರು ಕನ್ನಡಿಗೆ ಕಟ್ಟಿದ್ದ ಮರದ ಗಿಣಿಯನ್ನು ಬಿಚ್ಚದೆ ಹಾಗೇ ಕೊಟ್ಟಿದ್ದರು.

ಮೊದಲ ತಿಂಗಳುಗಳು ಚೆನ್ನಾಗಿದ್ದವು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಾಕು. ದಾರಿಯಲ್ಲಿ ನಾನು ಮಡಿಲಲ್ಲಿ ಬೀನ್ಸ್ ಮುರಿಯುತ್ತಿದ್ದೆ, ಇಲ್ಲವೇ ಕಚೇರಿಯ ಕಾಗದ ಓದುತ್ತಿದ್ದೆ. ಹಸಿರು ದೀಪ ಹತ್ತಿದೆಯಾ ಎಂದು ನೋಡುವುದು ಅಭ್ಯಾಸವಾಗಿತ್ತು. ಶುಕ್ರವಾರ ಗ್ಯಾಸು ತುಂಬಿಸುವ ದಿನ. ಡ್ಯೂಟಿ ಮುಗಿಸಿ ಕೆಂಗೇರಿ ಕಡೆಗೆ ಹೋಗಿ, ಕ್ಯೂನಲ್ಲಿ ನಿಂತು, ತಿರುಗಿ ರಾಮನಗರಕ್ಕೆ ಬರುವ ಹೊತ್ತಿಗೆ ಒಂದೂವರೆ ಗಂಟೆ ತಡವಾಗುತ್ತಿತ್ತು. ಅಲ್ಲಿಯವರೆಗೆ ನಾನು ಗೂಡಿನ ಮಾರುಕಟ್ಟೆಯ ಎದುರಿನ ಮರದ ಕೆಳಗೆ ಕಾಯುತ್ತಿದ್ದೆ. ಖಾಲಿ ಗಾಡಿಗಳು ಹೋಗುತ್ತಿದ್ದವು, ಗೂಡಿನ ಹಸಿ ವಾಸನೆ ಇರುತ್ತಿತ್ತು, ಸೊಳ್ಳೆ ಕಡಿಯುತ್ತಿದ್ದವು. ಇವರಿಗೆ ಹಸಿವಾಗುತ್ತದೆಂದು ಶುಕ್ರವಾರದ ಡಬ್ಬಿಗೆ ಎರಡು ಚಪಾತಿ ಹೆಚ್ಚಿಗೆ ಹಾಕುತ್ತಿದ್ದೆ. ಇವರು ಬಂದು ಬಾಗಿಲು ತೆಗೆದು, ಕ್ಯೂನಲ್ಲಿ ಇಬ್ಬರು ಆಟೋದವರು ಹೇಗೆ ಕಾಲರ್ ಹಿಡಿದುಕೊಂಡರು, ಬಂಕಿನವನು ಹೇಗೆ ಬಿಡಿಸಿದ ಎಂದು ಹೇಳುತ್ತಿದ್ದರು. ನಾನು ನಗುತ್ತಿದ್ದೆ.

ಅಡುಗೆಮನೆಯಲ್ಲಿ ಸಿಲಿಂಡರು ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕುವುದು ನನ್ನ ಪದ್ಧತಿ. ನಮ್ಮದು ಮೂರು ಜನರ ಮನೆ. ಸ್ನಾನಕ್ಕೆ ಹಂಡೆ ಒಲೆ, ಮುದ್ದೆಗೆ ಸೌದೆ ಒಲೆ. ಗ್ಯಾಸು ಬೇಕಾದದ್ದು ಕಾಫಿಗೆ, ಸಾರಿಗೆ, ಬೆಳಿಗ್ಗೆಯ ತಿಂಡಿಗೆ. ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಎರಡು ತಿಂಗಳಾಗುತ್ತಿದ್ದದ್ದು ಒಂದೂವರೆ ತಿಂಗಳಾಯಿತು, ಆಮೇಲೆ ಒಂದು ತಿಂಗಳಿಗೂ ಬಾರದಾಯಿತು. ಒಲೆ ಬದಲಾಯಿಸಿಲ್ಲ. ನೆಂಟರು ಬಂದಿಲ್ಲ. ಕೊಳವೆಗೆ ಸೋಪಿನ ನೊರೆ ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ಉಳಿದದ್ದು ಒಂದೇ ದಾರಿ ಎಂದುಕೊಂಡೆ: ಗ್ಯಾಸು ತಂದು ಹಾಕುವವರೇ ಕಡಿಮೆ ತೂಕದ್ದು ಕೊಡುತ್ತಿದ್ದಾರೆ.

ಆ ಮನುಷ್ಯ ಸೋಲೂರಿನವರು. ಐವತ್ತು ದಾಟಿದ ಸಣ್ಣ ಮೈಕಟ್ಟು. ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಮಗುವಿನ ಹಾಗೆ ಹೊತ್ತು ತರುತ್ತಿದ್ದರು. ಅವರು ಬಂದ ದಿನ ಬೀದಿಯಲ್ಲೇ ನಿಲ್ಲಿಸಿ ಕೇಳಿದೆ. ಕೇಳಿದೆ ಅಂದರೆ ಕಡಿಮೆಯಾಯಿತು, ಕೂಗಾಡಿದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು.

"ಎಷ್ಟು ಮನೆಯಿಂದ ಇಷ್ಟಿಷ್ಟು ತೆಗೆದು ಮಾರ್ತೀರಿ?"

"ಅಕ್ಕ, ದೊಡ್ಡ ಮಾತಾಡ್ಬೇಡಿ. ನಾನು ಈ ಊರಿಗೆ ಹನ್ನೆರಡು ವರ್ಷದಿಂದ ಬತ್ತಾ ಇವ್ನಿ."

"ಹಾಗಾದ್ರೆ ಗ್ಯಾಸು ಎಲ್ಲಿಗೆ ಹೋಯ್ತದೆ? ನಾನು ಕುಡೀತೀನಾ?"

ಇವರು ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದರು. ನಾನು ತಿರುಗಿ, "ನೀವಾದ್ರೂ ಹೇಳ್ರೀ" ಅಂದೆ. ಇವರು ಲೋಟದಲ್ಲಿದ್ದದ್ದನ್ನು ಕುಡಿದು ಮುಗಿಸಿ, "ಹೋಗ್ಲಿ ಬುಡೇ, ಈ ಗ್ಯಾಸ್‌ನೋರೆಲ್ಲ ಹಂಗೇಯ" ಅಂದರು.

ಆತ ಇವರನ್ನು ಒಂದು ಗಳಿಗೆ ನೋಡಿದರು. ಇವರು ಲೋಟ ಇಡಲು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಹೇಳಿದರು. "ಅಕ್ಕ, ನಿಮ್ಮಲ್ಲಿ ಗೂಡು ತೂಗೋ ತಕ್ಕಡಿ ಐತಲ್ಲ. ಈಗ್ಲೇ ತೂಗಿ. ಬಾಟ್ಲಿ ಕತ್ತಿನ ಬಳೆ ಮೇಲೆ ಖಾಲಿ ತೂಕ ಬರ್ದೈತೆ, ಲೆಕ್ಕ ಹಾಕಿ. ಇದ್ನ ಹಚ್ಬೇಡಿ, ಹಂಗೇ ಮೂಲೇಲಿ ಮಡ್ಗಿ. ಹದಿನೈದು ದಿನ ಬುಟ್ಟು ಇನ್ನೊಂದ್ಸಲ ತೂಗಿ."

ಪಕ್ಕದಲ್ಲೇ ನಮ್ಮ ಭಾವನವರ ಹುಳುಮನೆ. ರೇಷ್ಮೆಹುಳು ಸಾಕುವ ಮನೆ ಎಂದು ಹೊರಗಿನವರಿಗೆ ಹೇಳಬೇಕು. ಅಲ್ಲಿ ಸೊಪ್ಪನ್ನೂ ಗೂಡನ್ನೂ ತೂಗಲು ಜಂತೆಯಿಂದ ಒಂದು ಸ್ಪ್ರಿಂಗಿನ ತಕ್ಕಡಿ ಇಳಿಬಿಟ್ಟಿದ್ದಾರೆ. ಮಾರುಕಟ್ಟೆಗೆ ಹೊರಡುವ ಮೊದಲು ಮನೆಯಲ್ಲೊಮ್ಮೆ ತೂಗಿಕೊಂಡು ಹೋಗುವುದು ನಮ್ಮವರ ಕ್ರಮ. ಆ ತಕ್ಕಡಿ ಸುಳ್ಳು ಹೇಳುವುದಿಲ್ಲ. ಆತನ ಎದುರಿಗೇ ಓರಗಿತ್ತಿಯೂ ನಾನೂ ಸಿಲಿಂಡರು ನೇತುಹಾಕಿದೆವು. ಸೀಲು ಕಿತ್ತು ಸೋರುವಿಕೆಯನ್ನೂ ನೋಡಿಸಿಕೊಂಡೆ. ತೂಕ ಸರಿಯಾಗಿತ್ತು, ಮುವ್ವತ್ತು ಕೆಜಿಗೆ ಒಂದು ಕೂದಲು ಕಡಿಮೆ. ಆದರೂ ನಾನು ಸೋಲಲಿಲ್ಲ. "ಇವತ್ತು ಹೆದರಿಕೊಂಡು ಸರಿಯಾದದ್ದು ತಂದಿದ್ದೀರಿ" ಅಂದೆ. ಆತ ಖಾಲಿ ಸಿಲಿಂಡರು ಹೊತ್ತು ಹೋದರು. ಆ ಮಾತು ನನ್ನ ಬಾಯಿಂದ ಬಂದದ್ದು. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲಾರೆ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ. ಹದಿನೈದು ದಿನ ಕಳೆದಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ನಾನು ತರಕಾರಿಗೆ ಸೋಲೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾರಿನಲ್ಲಿ ಬಿಡಿ ಎಂದರೆ ಇವರು, "ವಾರಕ್ಕೊಂದಿನ ಕಾರಿಗೂ ರಜಾ ಕೊಡೇ, ನಾನು ತೊಳೆದಿಡ್ತೀನಿ" ಅನ್ನುತ್ತಿದ್ದರು. ಆ ದಿನ ಅವರೆಕಾಯಿ ಮನೆಯಲ್ಲೇ ಇತ್ತು, ನಾನು ಹೋಗಲಿಲ್ಲ. ಇವರಿಗೆ ಯಾಕೋ ಸಮಾಧಾನವಿರಲಿಲ್ಲ. ಕ್ಷೌರಕ್ಕೆಂದು ಕಾರು ತೆಗೆದುಕೊಂಡು ಮಾಗಡಿಗೆ ಹೋದರು.

ಮೂಲೆಯಲ್ಲಿದ್ದ ಸಿಲಿಂಡರನ್ನು ಎಳೆದಾಗಲೇ ಕೈಗೆ ಗೊತ್ತಾಯಿತು. ಹದಿನೈದು ದಿನದ ಹಿಂದೆ ಇಬ್ಬರು ಏದುಸಿರು ಬಿಟ್ಟು ಎತ್ತಿದ್ದೆವು. ಈಗ ನಾನೊಬ್ಬಳೇ ಎತ್ತಬಹುದಿತ್ತು. ಆದರೂ ಓರಗಿತ್ತಿಯನ್ನು ಕರೆದೆ, ಸಾಕ್ಷಿಗೆ. ತಕ್ಕಡಿಯ ಮುಳ್ಳು ಹದಿನೆಂಟಕ್ಕೆ ನಿಂತಿತು. ಒಂದು ದಿನವೂ ಒಲೆಗೆ ಹಚ್ಚದ ಸಿಲಿಂಡರು.

"ಅಕ್ಕ, ಇದೇನು?" ಅಂದೆ.

ಓರಗಿತ್ತಿ ಹುಳುಮನೆಯ ಮೂಲೆ ತೋರಿಸಿದಳು. ಹುಳುಗಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳ, ಅಂದರೆ ಖಾಲಿ ಚಂದ್ರಿಕೆಗಳ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಸಣ್ಣ ಮೋಟರು, ಎರಡು ರಬ್ಬರ್ ಕೊಳವೆ. "ಟೈರಿಗೆ ಗಾಳಿ ಹೊಡ್ಯೋದು ಅಂದಿದ್ದ ನಿನ್ನ ಗಂಡ. ಹುಳ ಇಲ್ದಾಗ ಮಡಿಕ್ಕಳ್ಳಿ ಅಂತ ನಾವೂ ಸುಮ್ನಿದ್ದೋ."

ನಾನು ಒಳಗೆ ಹೋಗಿ ಅತ್ತೆಯನ್ನು ಕೇಳಿದೆ. ಅವರು ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನೀನು ಸಂತೆಗೆ ಓಯ್ತೀಯಲ್ಲ, ಆಗ ತುಂಬ್ಕತಾನೆ ಕಣವ್ವ. ನಿಂಗೆ ಯೋಳವ್ನೆ ಅಂದ್ಕಂಡಿದ್ದೆ. ಎಚ್ಚರವಾಗೇ ಮಾಡ್ತಾನೆ. ಹಂಡೆ ಒಲೆ ಆರ್ಸವ್ವ ಅಂತಾನೆ, ನಾನು ನೀರು ಉಯ್ತೀನಿ."

ಹಂಡೆ ಒಲೆಗೂ ಹುಳುಮನೆಯ ಬಾಗಿಲಿಗೂ ಹತ್ತು ಹೆಜ್ಜೆ. ಅತ್ತೆಗೆ ಒಂದು ಕಣ್ಣು ಮಂಜು. ಒಲೆ ಆರಿದೆಯೋ, ಬೂದಿಯೊಳಗೆ ಕೆಂಡ ಉಳಿದಿದೆಯೋ ನೋಡುತ್ತಿದ್ದವರು ಅವರು.

ಸಿಲಿಂಡರನ್ನು ಇಳಿಸಲಿಲ್ಲ. ಇವರು ಹನ್ನೆರಡಕ್ಕೆ ಬಂದರು. ಹೊಸದಾಗಿ ಕತ್ತರಿಸಿದ ತಲೆ, ಕುತ್ತಿಗೆಯ ಮೇಲೆ ಪೌಡರು. ಹುಳುಮನೆಯ ಬಾಗಿಲಲ್ಲಿ ನಿಂತು ನಕ್ಕರು.

"ಏನೇ ಇದು, ಸಿಲಿಂಡ್ರಿಗೆ ಉಯ್ಯಾಲೆ ಕಟ್ಟಿದ್ದೀಯ?"

"ಮುಳ್ಳು ನೋಡಿ."

ನೋಡಿದರು. ಗೋಣಿಚೀಲ ಬಿಚ್ಚಿದ್ದೂ ಕಂಡಿತು. ನಗು ಮುಖದಲ್ಲಿ ಸ್ವಲ್ಪ ಹೊತ್ತು ಹಾಗೇ ಉಳಿದುಕೊಂಡಿತ್ತು, ತೆಗೆಯಲು ಮರೆತವರ ಹಾಗೆ.

"ಒಂದಿನ ಟೈಮಿಲ್ಲ ಅಂತ ಶುರುವಾಯ್ತು ಕಣೇ. ಕಾರ್ಖಾನೇಲಿ ಎಲ್ರೂ ಹಿಂಗೇ ಮಾಡ್ತಾರೆ. ಆ ಕೆಂಗೇರಿಗೆ ಹೋಗಿ ಬರೋವಷ್ಟರಲ್ಲಿ ಜೀವ ಹೋಯ್ತದೆ."

"ಶುಕ್ರವಾರ ಹೋಗ್ತಿದ್ರಲ್ಲ?"

ಇವರು ಕುತ್ತಿಗೆಯ ಪೌಡರು ಒರೆಸಿಕೊಂಡರು.

"ಒಂದೂವರೆ ಗಂಟೆ ಮರದ ಕೆಳಗೆ ಕಾಯ್ತಿದ್ನಲ್ಲ, ಎಲ್ಲಿರ್ತಿದ್ರಿ?"

"ಬಿಡದೀಲೇ. ತಟ್ಟೆ ಇಡ್ಲಿ ತಿನ್ಕಂಡು, ಒಂದು ಕೈ ಇಸ್ಪೀಟು... ಬೇಗ ಬಂದ್ಬುಟ್ರೆ ನೀನು ಕೇಳ್ತಿದ್ದೆ."

"ಆಟೋದವರ ಜಗಳ?"

"ಮೊದಲ್ನೇ ಸಲ ಹೋದಾಗ ಆಗಿತ್ತು. ಆಣೆಗೂ."

ಆಣೆ ಎಂಬ ಮಾತು ಇಬ್ಬರಿಗೂ ತಟ್ಟಿತು. ನಾನೇ ಕೇಳಿದೆ. "ನನ್ನ ತಲೆ ಮುಟ್ಟಿದ್ರಲ್ಲ?"

ಇವರು ಕೋಪ ಮಾಡಿಕೊಂಡರು. ಕೋಪಕ್ಕಿಂತ ಬೇರೆ ದಾರಿ ಇರಲಿಲ್ಲವೇನೋ. "ಈಗೇನಾಗೈತೆ ನಿಂಗೆ? ಚೆನ್ನಾಗೇ ಇದ್ದೀಯಲ್ಲ!"

ಆ ಒಂದು ಮಾತನ್ನು ನಾನು ಅಡುಗೆಮನೆಗೆ ಹೋಗುವವರೆಗೂ, ಪಾತ್ರೆ ತೊಳೆಯುವವರೆಗೂ ಹೊತ್ತುಕೊಂಡು ತಿರುಗಿದೆ. ಅಳು ಬರಲಿಲ್ಲ. ಡಬ್ಬಿಗೆ ಹಾಕಿದ ಹೆಚ್ಚಿನ ಚಪಾತಿಗಳು ನೆನಪಾದವು. ತಟ್ಟೆ ಇಡ್ಲಿ ತಿಂದ ಹೊಟ್ಟೆಗೆ ಅವನ್ನೂ ತಿಂದು, ಡಬ್ಬಿ ಖಾಲಿ ಮಾಡಿ ತರುತ್ತಿದ್ದರು. ಗ್ಯಾಸು ಹೋದದ್ದು, ನನ್ನನ್ನು ಕಾಯಿಸಿದ್ದು, ಎಲ್ಲಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಜಗಲಿಯ ಮೇಲಿನ ಆ ಲೋಟ. ನಾನು ಬೀದಿಯಲ್ಲಿ ನಿಂತು ಒಬ್ಬ ಬಡವನನ್ನು ಕಳ್ಳ ಅನ್ನುವಾಗ ನಿಜ ಗೊತ್ತಿದ್ದವರು ಕಾಫಿ ಕುಡಿದು ಮುಗಿಸಿದರು. "ಈ ಗ್ಯಾಸ್‌ನೋರೆಲ್ಲ ಹಂಗೇಯ" ಅಂದರು.

ಎರಡು ಗಂಟೆಯ ಬಸ್ಸಿಗೆ ಸೋಲೂರಿಗೆ ಹೋದೆ. ಬಸ್ ನಿಲ್ದಾಣದಲ್ಲಿ ಕೇಳಿದರೆ ಮನೆ ತೋರಿಸಿದರು. ಆತ ಅಂಗಳದಲ್ಲಿ ಹೆಂಡತಿಯ ಜೊತೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಮತ್ತೆ ಜಗಳಕ್ಕೆ ಬಂದಳೆಂದುಕೊಂಡಿರಬೇಕು.

"ತಪ್ಪಾಯ್ತಪ್ಪ," ಅಂದೆ. "ನಿಮ್ಮ ತೂಕ ಸರಿ ಇತ್ತು. ಗ್ಯಾಸು ನಮ್ಮನೆಯಲ್ಲೇ ಹೋಗ್ತಿತ್ತು."

ಆತ ಚಾಪೆಯ ಮೇಲಿನ ಸಿಪ್ಪೆ ಗುಡಿಸಿ ಜಾಗ ಮಾಡಿದರು. "ಗೊತ್ತಿತ್ತು ಬುಡಿ ಅಕ್ಕ. ಗ್ಯಾಸಿನ ಕಾರು ಬಂದ ಮನೇಲಿ ಬಾಟ್ಲಿ ಬೇಗ ಖಾಲಿ ಆಯ್ತದೆ. ನಾನೆಷ್ಟು ಮನೆ ನೋಡಿಲ್ಲ."

"ಮತ್ತೆ ಅವತ್ತೇ ಹೇಳಬಾರದಿತ್ತಾ? ಅಷ್ಟು ಜನರ ಎದುರು ಬೈಸಿಕೊಂಡಿರಿ."

"ಯಜಮಾನ್ರು ಅಲ್ಲೇ ನಿಂತಿದ್ರಲ್ಲ. ಅವ್ರೇ ಯೋಳ್ತಾರೆ ಅಂತ ನೋಡ್ದೆ." ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡರು. "ಗಂಡ ಹೆಂಡ್ತಿ ಮಧ್ಯ ನಾನ್ಯಾಕೆ ಹೋಗ್ಲಿ? ತಕ್ಕಡಿ ಯೋಳ್ತದೆ ಅಂತ ಬುಟ್ಟೆ."

ಅವರ ಹೆಂಡತಿ ಮಾತ್ರ ನನ್ನ ಮುಖ ನೋಡದೆ, "ಆವತ್ತು ಉಂಡಿರ್ಲಿಲ್ಲ ಇವ್ರು" ಅಂದಳು. ಹೊರಡುವಾಗ ಸೆರಗಿಗೆ ಒಂದು ಸೇರಿನಷ್ಟು ಕಡಲೆಕಾಯಿ ಸುರಿದಳು. ಗಂಟು ಕಟ್ಟಿಕೊಂಡು ಬಸ್ಸಿಗೆ ಬಂದೆ.

ಮನೆಗೆ ಬಂದಾಗ ಕಾರು ತೊಳೆದು ಹೊಳೆಯುತ್ತಿತ್ತು. ಮೋಟರನ್ನು ಗುಜರಿಗೆ ಹಾಕುತ್ತೇನೆ, ಇನ್ನು ಮೇಲೆ ಪೆಟ್ರೋಲಿನಲ್ಲೇ ಹೋಗೋಣ ಎಂದು ಇವರು ನನಗಲ್ಲ, ಅತ್ತೆಗೆ ಹೇಳುವ ಹಾಗೆ ಹೇಳಿದರು. ಅದು ನಿಜವಿರಬಹುದು. ಹಸಿರು ದೀಪವೋ ಕೆಂಪು ದೀಪವೋ ನಾನಿನ್ನು ನೋಡಿ ತಿಳಿಯುವುದು ಏನೂ ಉಳಿದಿರಲಿಲ್ಲ. ದೀಪ ಯಾವತ್ತೂ ಸುಳ್ಳು ಹೇಳಿರಲಿಲ್ಲ.

"ನಾಳೆಯಿಂದ ನಾನು ಬಸ್ಸಿಗೆ ಹೋಗ್ತೀನಿ," ಅಂದೆ. "ಮುಂದಿನ ಸಲ ಗ್ಯಾಸಿನವರು ಬಂದಾಗ ಜಗಲಿ ಮೇಲೆ ನಿಂತೇ ಅವರಿಗೆ ನಿಜ ಹೇಳಬೇಕು. ಬೀದಿಯವರಿಗೆ ಕೇಳುವ ಹಾಗೆ."

"ನಾಲ್ಕು ದಿನ ಹೋಗ್ತಾಳೆ, ಆಮೇಲೆ ತಾನೇ ಬತ್ತಾಳೆ ಬುಡವ್ವ," ಅಂದರು ಇವರು ಅತ್ತೆಗೆ.

ನಾಲ್ಕು ದಿನವಲ್ಲ, ಮಾಗಡಿಗೆ ಮರಳಿ ವರ್ಗವಾಗುವವರೆಗೂ ಎರಡು ಬಸ್ಸು ಬದಲಾಯಿಸಿಕೊಂಡು ಓಡಾಡಿದೆ. ಗ್ಯಾಸಿನವರು ಬಂದ ದಿನಗಳಲ್ಲಿ ಇವರಿಗೆ ತೋಟದಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಸಿಲಿಂಡರನ್ನು ನಾನೇ ತಕ್ಕಡಿಗೆ ಹಿಡಿಯಲು ಹೋದರೆ ಆತ, "ಇನ್ಯಾಕಕ್ಕ?" ಅನ್ನುತ್ತಿದ್ದರು. ನಾನು ತೂಗುತ್ತಿದ್ದದ್ದು ಆತನಿಗಾಗಿ ಅಲ್ಲ ಎಂದು ಹೇಳಲಾಗುತ್ತಿರಲಿಲ್ಲ.

ಆ ಭಾನುವಾರ ಸಂಜೆ ಗ್ಯಾಸು ಹಚ್ಚಲಿಲ್ಲ, ಎಲ್ಲವನ್ನೂ ಸೌದೆ ಒಲೆಯ ಮೇಲೆ ಮಾಡಿದೆ. ಹಿತುಕಿದ ಬೇಳೆ ಸಾರು, ಮುದ್ದೆ, ಒಂದು ಹಿಡಿ ಅನ್ನ, ಆಮೇಲೆ ಬೇಯಿಸಿದ ಕಡಲೆಕಾಯಿ. ಕಡಲೆಕಾಯಿ ಎಲ್ಲಿಯದು ಎಂದು ಇವರು ಕೇಳಿದರು, ಹೇಳಿದೆ. ತಟ್ಟೆಯಿಂದ ಕೈ ತೆಗೆದವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿಂದರು. ಸಾರು ಚೆನ್ನಾಗಿದೆ ಎಂದು ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡರು. ಅತ್ತೆ ಸಾರನ್ನಷ್ಟೇ ಕುಡಿದರು. ನಾನು ಬೆಳಗಿನ ಬಸ್ಸಿಗೆ ಚೀಲ ಸರಿಮಾಡಿ, ಅಲಾರಮ್ಮನ್ನು ನಾಲ್ಕೂಮುಕ್ಕಾಲಿಗೆ ತಿರುಗಿಸಿಟ್ಟು ಬರುವಷ್ಟರಲ್ಲಿ ಇವರು ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಅತ್ತೆ ಮಲಗಿದರು.